ಮಿಲಿಟರಿ ಆಡಳಿತ ಬಂದರೆ ದೇಶ ಸರಿಹೋಗುವುದಿಲ್ಲವೇ?

ಹೊಳಲ್ಕೆರೆಯ ಬಸ್ ನಿಲ್ದಾಣದ ಹತ್ತಿರ ಟೀ ಕುಡಿಯಲು ಕುಳಿತರೆ ವಾರಕ್ಕೊಮ್ಮೆಯಾದರೂ ಯಾರಾದರೂ ಕೇಳುತ್ತಾರೆ: "ಮಿಲಿಟ್ರಿ ಮಾವ, ಈ ರಾಜಕಾರಣಿಗಳ ಸಹವಾಸವೇ ಬೇಡ. ಒಂದೈದು ವರ್ಷ ದೇಶಾನ ನಿಮ್ಮೋರ ಕೈಗೆ ಕೊಟ್ಟುಬಿಟ್ರೆ ಎಲ್ಲಾ ಸರಿಹೋಗಲ್ವಾ?" ನನ್ನ ಮೇಲಿನ ಅಭಿಮಾನದಿಂದಲೇ ಕೇಳುತ್ತಾರೆಂದು ಗೊತ್ತಿದ್ದರೂ ನನ್ನ ಉತ್ತರ ಬೇಡ ಎಂದೇ. ಅದಕ್ಕೆ ಕಾರಣ ನಾನು ಸೇನೆಯ ಎಂಜಿನಿಯರ್ ದಳವಾದ ಮದ್ರಾಸ್ ಸ್ಯಾಪರ್ಸ್‌ನಲ್ಲಿದ್ದಾಗ ಮಾಡಿದ ಮೈನ್ ತೆಗೆಯುವ ಕೆಲಸ. ಮೈನ್ ಎಂದೊಡನೆ ನಮ್ಮ ಕಡೆಯವರಿಗೆ ಭೀಮಸಮುದ್ರದ ಅದಿರು ಲಾರಿಗಳೇ ನೆನಪಾಗುತ್ತವೆ. ನಾನು ಹೇಳುತ್ತಿರುವುದು ನೆಲಬಾಂಬಿನ ವಿಷಯ.

2001ರ ಡಿಸೆಂಬರ್ 13ರಂದು ಸಂಸತ್ ಭವನದ ಮೇಲೆ ದಾಳಿ ನಡೆದ ನಂತರ ಆಪರೇಷನ್ ಪರಾಕ್ರಮದ ಹೆಸರಿನಲ್ಲಿ ಸೇನೆ ಗಡಿಗೆ ಹೋಯಿತು. ಜಮ್ಮುವಿನಿಂದ ಗುಜರಾತಿನವರೆಗೆ, ರೈತರು ಉತ್ತು ಬಿತ್ತುತ್ತಿದ್ದ ಹೊಲಗಳಲ್ಲೂ ನೆಲಬಾಂಬುಗಳನ್ನು ಹೂಳಲಾಯಿತು. ಯುದ್ಧ ನಡೆಯಲಿಲ್ಲ. 2002ರ ಅಕ್ಟೋಬರಿನಲ್ಲಿ ಸೇನೆಯನ್ನು ಹಿಂದಕ್ಕೆ ಕರೆಸಿಕೊಳ್ಳುವ ತೀರ್ಮಾನವನ್ನು ಸರ್ಕಾರ ತೆಗೆದುಕೊಂಡಿತು. ಹೂಳಲು ಕೆಲವು ವಾರ ಸಾಕಾಗಿದ್ದವು. ತೆಗೆಯಲು ವರ್ಷಗಳು ಬೇಕಾದವು.

ಹೂತವರು ನೀವೇ, ನಕ್ಷೆಯೂ ನಿಮ್ಮಲ್ಲೇ ಇರುವಾಗ ತಡವೇಕೆ ಎಂದು ಕೇಳುವವರೂ ಇದ್ದಾರೆ. ಎಂ-14 ಎಂಬ ನೆಲಬಾಂಬ್ ಅಂಗೈಯಲ್ಲಿ ಅಡಗುವಷ್ಟು ಚಿಕ್ಕದು. ತೂಕ ಸುಮಾರು 100 ಗ್ರಾಂ, ಮೈ ಪ್ಲಾಸ್ಟಿಕ್ಕಿನದು. ಆಳನ್ನು ಕೊಲ್ಲುವುದಕ್ಕಿಂತ ಹೆಚ್ಚಾಗಿ ಪಾದ ಹಾರಿಸಲೆಂದೇ ಮಾಡಿದ ವಸ್ತು ಅದು. ಮರಳು ಗಾಳಿಗೆ ಸರಿಯುತ್ತದೆ, ಮಳೆಗೆ ಕೊಚ್ಚಿಹೋಗುತ್ತದೆ, ಇಲಿ ಹೆಗ್ಗಣಗಳು ಮಣ್ಣನ್ನು ಎತ್ತಿಹಾಕುತ್ತವೆ. ಆದ್ದರಿಂದ ನಕ್ಷೆ ಒಂದು ಜಾಗ ತೋರಿಸಿದರೆ ಬಾಂಬ್ ಇನ್ನೊಂದು ಜಾಗದಲ್ಲಿರುತ್ತದೆ. ಮಂಡಿಯೂರಿ, ಉಕ್ಕಿನ ಸಲಾಕೆಯನ್ನು ನೆಟ್ಟಗೆ ಚುಚ್ಚದೆ ಓರೆಯಾಗಿ, ಸುಮಾರು 30 ಡಿಗ್ರಿ ಕೋನದಲ್ಲಿ ತೂರಿಸಿ, ಗಟ್ಟಿಯಾದದ್ದೇನಾದರೂ ತಾಗಿತೆಂದರೆ ಅದರ ಪಕ್ಕದ ಮಣ್ಣನ್ನು ಬೆರಳಿನಿಂದ ಸರಿಸಬೇಕು. ಹತ್ತರಲ್ಲಿ ಒಂಬತ್ತು ಬಾರಿ ಅದು ಕಲ್ಲು. ಹತ್ತನೆಯ ಬಾರಿಯೂ ಕಲ್ಲೇ ಇರಬಹುದೆಂದು ಮನಸ್ಸು ಹೇಳತೊಡಗಿದರೆ ಎದ್ದು ಬಂದು ನೀರು ಕುಡಿಯಬೇಕು.

ರಾಜಸ್ಥಾನದ ಶ್ರೀಗಂಗಾನಗರ ಜಿಲ್ಲೆಯ ಒಂದು ಕಾಲುವೆಯಂಚಿನ ಹೊಲದಲ್ಲಿ ನಮಗೆ ಲೆಕ್ಕಕ್ಕೆ ಒಂದು ಬಾಂಬ್ ಕಡಿಮೆ ಬಂತು. ಅದು ಸಿಡಿದುಹೋಗಿರಬಹುದು, ನಾಯಿ ತುಳಿದಿರಬಹುದು ಎಂದು ನಾವೆಲ್ಲ ವಾದಿಸಿದೆವು. ನಮ್ಮ ಮೇಜರ್ ಸಾಹೇಬರೂ ಹಾಗೆಯೇ ಅಂದುಕೊಂಡಿದ್ದರು. ಆದರೆ ಆ ಹಳ್ಳಿಯ ಪಟವಾರಿ, ಅಂದರೆ ನಮ್ಮ ಗ್ರಾಮಲೆಕ್ಕಿಗರಂಥ ಒಬ್ಬ ಸಣಕಲು ಮನುಷ್ಯ, ಕಂಕುಳಲ್ಲಿ ಖಾತೆ ಪುಸ್ತಕ ಇಟ್ಟುಕೊಂಡು ಬೇಲಿಯ ಆಚೆ ನಿಂತು, ಹೊಲ ಪೂರ್ತಿ ಶುದ್ಧವಾಗಿದೆಯೆಂದು ಬರಹದಲ್ಲಿ ಕೊಡದ ಹೊರತು ರೈತನನ್ನು ಒಳಗೆ ಬಿಡುವುದಿಲ್ಲ, ಅಲ್ಲಿಯವರೆಗೆ ಪರಿಹಾರವನ್ನೂ ನಿಲ್ಲಿಸುವುದಿಲ್ಲ ಎಂದು ಹೇಳಿದ. ಮೇಜರ್ ಕೆಂಪಾದರು. ನಾವು ಇಡೀ ಸಾಲನ್ನು ಮೊದಲಿನಿಂದ ಹುಡುಕಿದೆವು. ಐದನೆಯ ದಿನ ಅದು ಬದುವಿನ ಜಾಲಿ ಬೇರಿನ ಕೆಳಗೆ ಸಿಕ್ಕಿತು.

ಈಗ ಮ್ಯಾನ್ಮಾರ್ ನೋಡಿ. ಅಲ್ಲಿ 2008ರ ಸಂವಿಧಾನವು ಸಂಸತ್ತಿನ ಕಾಲು ಭಾಗ ಸ್ಥಾನಗಳನ್ನು ಸೇನೆಗೇ ಮೀಸಲಿಟ್ಟಿತು. ಮುಖ್ಯ ವಿಧಿಗಳ ತಿದ್ದುಪಡಿಗೆ ಮುಕ್ಕಾಲು ಭಾಗಕ್ಕಿಂತ ಹೆಚ್ಚು ಮತ ಬೇಕೆಂದ ಮೇಲೆ ಸೇನೆ ಒಪ್ಪದೆ ಏನೂ ಬದಲಾಗದು. ರಕ್ಷಣೆ, ಗೃಹ, ಗಡಿ ವ್ಯವಹಾರಗಳ ಸಚಿವರನ್ನು ಹೆಸರಿಸುವವರು ಸೇನಾ ಮುಖ್ಯಸ್ಥರು. ಅದೂ ಸಾಲದೆಂದು 2021ರ ಫೆಬ್ರವರಿ 1ರಂದು ಸೇನೆ ಪೂರ್ತಿ ಅಧಿಕಾರವನ್ನೇ ಕಿತ್ತುಕೊಂಡಿತು. 2023ರಲ್ಲಿ ನೆಲಬಾಂಬ್ ಮತ್ತು ಯುದ್ಧದ ಅಳಿದುಳಿದ ಸ್ಫೋಟಕಗಳಿಂದ ಸತ್ತವರು, ಗಾಯಗೊಂಡವರು ಸೇರಿ ಅಲ್ಲಿ ದಾಖಲಾದವರ ಸಂಖ್ಯೆ 1,003. ಆ ವರ್ಷ ಜಗತ್ತಿನಲ್ಲೇ ಅತಿ ಹೆಚ್ಚು. ಸೇನೆಯೊಂದೇ ಅಲ್ಲ, ಅದರ ವಿರುದ್ಧ ಹೋರಾಡುವ ಗುಂಪುಗಳೂ ಬಾಂಬ್ ಹೂಳುತ್ತವೆ, ನಿಜ. ಆದರೆ ಹೂಳುವ ಸೇನೆಯೇ ಸರ್ಕಾರವಾಗಿರುವ ಊರಿನಲ್ಲಿ ಪಟವಾರಿ ಯಾರ ಎದುರು ನಿಂತು ಬರಹ ಕೇಳಬೇಕು?

ನನ್ನ ಈ ಮಾತಿಗೆ ಥಾಯ್ಲೆಂಡ್ ಸ್ವಲ್ಪ ಅಡ್ಡ ಬರುತ್ತದೆ. ಅಲ್ಲಿ 2006ರಲ್ಲೂ 2014ರಲ್ಲೂ ಸೇನೆ ಸರ್ಕಾರವನ್ನು ಉರುಳಿಸಿತು, ಆದರೂ ನೆಲಬಾಂಬ್ ತೆಗೆಯುವ ಕೆಲಸ ನಿಲ್ಲಲಿಲ್ಲ. ನೆಲಬಾಂಬ್ ನಿಷೇಧದ 1997ರ ಒಟ್ಟಾವ ಒಪ್ಪಂದವನ್ನು ಚುನಾಯಿತ ಸರ್ಕಾರವಿದ್ದಾಗಲೇ ಆ ದೇಶ ಒಪ್ಪಿಕೊಂಡಿದ್ದರಿಂದ, ನಂತರ ಬಂದವರಿಗೂ ಆ ಹೊಣೆ ತಪ್ಪಲಿಲ್ಲ ಎಂಬುದು ನನ್ನ ಎಣಿಕೆ.

ಭಾರತ ಆ ಒಪ್ಪಂದಕ್ಕೆ ಇಂದಿಗೂ ಸೇರಿಲ್ಲ; ಪಾಕಿಸ್ತಾನ, ಚೀನಾ ಕೂಡ ಸೇರಿಲ್ಲ. ಉದ್ದನೆಯ ಗಡಿಯನ್ನು ಕಾಯಲು ಬೇರೆ ದಾರಿಯಿಲ್ಲ ಎಂಬುದು ನನ್ನ ಜೊತೆ ನಿವೃತ್ತರಾದ ಬಹಳಷ್ಟು ಮಂದಿಯ ವಾದ. ಜಾಲಿ ಬೇರಿನಡಿ ಕೈ ಹಾಕಿದ ನನಗೆ ಆ ವಾದ ಹಿಡಿಸುವುದಿಲ್ಲ. ಆದರೆ ಇದನ್ನು ತೀರ್ಮಾನಿಸಬೇಕಾದವರು ನಾವು ಆರಿಸಿ ಕಳಿಸಿದ, ಟೀ ಅಂಗಡಿಯಲ್ಲಿ ನಾವು ದಿನವೂ ಬೈಯುವ, ಐದು ವರ್ಷಕ್ಕೊಮ್ಮೆ ಮತ ಕೇಳಲು ಇದೇ ಬಸ್ ನಿಲ್ದಾಣಕ್ಕೆ ಬರುವ ಮಂದಿಯೇ.