ಕುತ್ತಿಗೆಗೆ ಕರೆಂಟ್ ಕೊಟ್ರೆ ಫಿಟ್ಸ್ ನಿಲ್ಲುತ್ತಂತೆ, ಹೌದಾ?

ಗೋಣಿಕೊಪ್ಪದಲ್ಲಿ ನನ್ನದೊಂದು ಮೆಡಿಕಲ್ ಶಾಪ್ ಇದೆ. ಫಿಟ್ಸ್ ಮಾತ್ರೆಗೆ ಬರುವವರಲ್ಲಿ ಹೆಚ್ಚಿನವರು ಚೀಟಿ ಕೊಟ್ಟು, ಮಾತ್ರೆ ತಗೊಂಡು ಹೊರಟುಬಿಡುತ್ತಾರೆ. ಕೆಲವರು ಮಾತ್ರ ಅಂಗಡಿ ಖಾಲಿ ಆಗುವವರೆಗೆ ಕಾದು, ಮೊಬೈಲ್‌ನಲ್ಲಿ ಯಾವುದೋ ವಿಡಿಯೋ ತೋರಿಸಿ, ತಲೆಬರಹದಲ್ಲಿರುವ ಪ್ರಶ್ನೆ ಕೇಳುತ್ತಾರೆ. ಒಬ್ಬ ತೋಟದ ರೈಟ್ರು ಇನ್ನೊಂದು ಮಾತನ್ನೂ ಸೇರಿಸಿದರು: "ಅದರ ಜೊತೆ ಒಂದು ಮ್ಯಾಗ್ನೆಟ್ ಕೊಡ್ತಾರಂತಲ್ಲಾ. ನಾವು ಫಿಟ್ಸ್ ಬಂದವರ ಕೈಗೆ ಬೀಗದ ಕೈ ಇಡ್ತೀವಿ. ಅದೇ ತಾನೇ ಇದು?"

ನನ್ನ ಉತ್ತರ ಇಷ್ಟು. ಪೂರ್ತಿ ನಿಲ್ಲುವುದು ಅಪರೂಪ, ಕಮ್ಮಿಯಾಗುವುದು ಉಂಟು. ಬೀಗದ ಕೈಗೂ ಇದಕ್ಕೂ ಸಂಬಂಧ ಇಲ್ಲ. ಆದರೆ ರೈಟ್ರ ಪ್ರಶ್ನೆ ಸುಮ್ನೆ ತಳ್ಳಿಹಾಕುವಂಥದ್ದಲ್ಲ.

ಇದು ಸಿನಿಮಾದಲ್ಲಿ ತೋರಿಸುವ ಶಾಕ್ ಅಲ್ಲ. ಮೆದುಳಿಗೆ ನೇರವಾಗಿ ಕರೆಂಟ್ ಹೋಗುವುದೇ ಇಲ್ಲ. ಎದೆಯ ಎಡಭಾಗದಲ್ಲಿ ಚರ್ಮದ ಕೆಳಗೆ ಒಂದು ಚಿಕ್ಕ ಬ್ಯಾಟರಿ ಯಂತ್ರ ಇಡುತ್ತಾರೆ. ಅದರಿಂದ ಹೊರಟ ತಂತಿಯನ್ನು ಕುತ್ತಿಗೆಯ ಎಡಗಡೆಯ ವೇಗಸ್ ನರಕ್ಕೆ ಸುತ್ತುತ್ತಾರೆ. ಈ ನರ ಮೆದುಳಿನ ಬುಡದಿಂದ ಇಳಿದು ಗಂಟಲು, ಹೃದಯ, ಹೊಟ್ಟೆಯವರೆಗೂ ಹೋಗುತ್ತದೆ. ಅದರ ಎಳೆಗಳಲ್ಲಿ ಸುಮಾರು ಶೇಕಡಾ 80 ಭಾಗ ಮೈಯ ಸುದ್ದಿಯನ್ನು ಮೆದುಳಿಗೆ ಒಯ್ಯುವಂಥವು. ಆ ದಾರಿಯನ್ನೇ ಇಲ್ಲಿ ಬಳಸಿಕೊಳ್ಳುತ್ತಾರೆ. ಸಾಮಾನ್ಯವಾಗಿ 30 ಸೆಕೆಂಡ್ ಸಣ್ಣ ಕರೆಂಟ್, ಆಮೇಲೆ 5 ನಿಮಿಷ ಬಿಡುವು, ಹಗಲೂ ರಾತ್ರಿ ಹೀಗೇ. ಬಲಗಡೆಯ ನರ ಹೃದಯದ ಬಡಿತ ನಡೆಸುವ ಜಾಗಕ್ಕೆ ಹೆಚ್ಚು ಹೋಗುವುದರಿಂದ ಎಡಗಡೆಯದನ್ನೇ ಆರಿಸುತ್ತಾರೆ. ಮಳೆಗಾಲದಲ್ಲಿ ನಮ್ಮಲ್ಲಿ ದಿನಗಟ್ಟಲೆ ಕರೆಂಟ್ ಹೋಗುತ್ತಲ್ಲಾ, ಆಗೇನು ಅಂತ ಒಬ್ಬರು ಅಕ್ಕ ಗಾಬರಿಯಿಂದ ಕೇಳಿದ್ದರು. ಏನೂ ಆಗಲ್ಲ. ಬ್ಯಾಟರಿ ಒಳಗೇ ಇದೆ, ವರ್ಷಗಟ್ಟಲೆ ಬರುತ್ತದೆ. ಮುಗಿದಾಗ ಇನ್ನೊಂದು ಸಣ್ಣ ಆಪರೇಷನ್ ಮಾಡಿ ಬದಲಿಸಬೇಕು.

ಅಮೆರಿಕದ ವಿಜ್ಞಾನಿ ಜೇಕಬ್ ಝಬಾರಾ 1980ರ ದಶಕದಲ್ಲಿ ನಾಯಿಗಳಲ್ಲಿ ಇದನ್ನು ಪರೀಕ್ಷೆ ಮಾಡಿದರು. ಮನುಷ್ಯರಿಗೆ ಮೊದಲ ಯಂತ್ರ ಇಟ್ಟದ್ದು 1988ರಲ್ಲಿ, ನಾರ್ತ್ ಕ್ಯಾರೋಲಿನಾದಲ್ಲಿ. ಅಮೆರಿಕ ಸರ್ಕಾರದ ಒಪ್ಪಿಗೆ ಸಿಕ್ಕಿದ್ದು 1997ರಲ್ಲಿ.

ಈಗ ಬೀಗದ ಕೈ ವಿಷಯ. ಫಿಟ್ಸ್ ಸಾಮಾನ್ಯವಾಗಿ ಎರಡು ಮೂರು ನಿಮಿಷದಲ್ಲಿ ತಾನಾಗಿಯೇ ನಿಲ್ಲುತ್ತದೆ. ಯಾರೋ ಓಡಿಹೋಗಿ ಬೀಗದ ಕೈ ಹುಡುಕಿ ತಂದು ಕೈಗೆ ತುರುಕುವಷ್ಟರಲ್ಲಿ ಅದು ನಿಲ್ಲುವ ಹೊತ್ತೂ ಬಂದಿರುತ್ತದೆ. ಹೆಸರು ಮಾತ್ರ ಕಬ್ಬಿಣಕ್ಕೆ. ಹಾಗಾದರೆ ಈ ಯಂತ್ರಕ್ಕೂ ಸುಮ್ನೆ ಹೆಸರು ಬಂದಿರಬಹುದಲ್ವಾ? ಫಿಟ್ಸ್ ಕೆಲವು ತಿಂಗಳು ಜಾಸ್ತಿ ಇರುತ್ತದೆ, ಕೆಲವು ತಿಂಗಳು ಕಮ್ಮಿ. ಜಾಸ್ತಿ ಇದ್ದಾಗಲೇ ಜನ ದೊಡ್ಡ ಆಸ್ಪತ್ರೆಗೆ ಹೋಗುವುದು. ಆಮೇಲೆ ಏನು ಮಾಡಿದರೂ, ಏನೂ ಮಾಡದಿದ್ದರೂ, ಸ್ವಲ್ಪ ಇಳಿಯಬಹುದು.

ಇದನ್ನು ಪತ್ತೆ ಹಚ್ಚಲು ಅಮೆರಿಕದಲ್ಲಿ ಒಂದು ಉಪಾಯ ಮಾಡಿದರು. ಸುಮಾರು 200 ಜನರಿಗೆ ಯಂತ್ರ ಇಟ್ಟರು, ಎಲ್ಲರಿಗೂ ಅದೇ ಆಪರೇಷನ್. ಆದರೆ ಅರ್ಧ ಜನರಿಗೆ ಸರಿಯಾದ ಪ್ರಮಾಣದ ಕರೆಂಟ್, ಇನ್ನರ್ಧ ಜನರಿಗೆ ತೀರಾ ಕಮ್ಮಿ, ಅದೂ ಅಪರೂಪಕ್ಕೆ. ಯಾರಿಗೆ ಯಾವುದು ಅಂತ ರೋಗಿಗೆ ಹೇಳಲಿಲ್ಲ. 1998ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿತ್ತು: ಮೂರು ತಿಂಗಳಲ್ಲಿ ಮೊದಲ ಗುಂಪಿನ ಫಿಟ್ಸ್ ಸರಾಸರಿ ಶೇಕಡಾ 28ರಷ್ಟು ಕಮ್ಮಿಯಾಗಿತ್ತು. ಎರಡನೇ ಗುಂಪಿನಲ್ಲೂ ಶೇಕಡಾ 15ರಷ್ಟು ಇಳಿದಿತ್ತು!

ನನಗೆ ಆ 28ಕ್ಕಿಂತ 15ರ ಮೇಲೆಯೇ ಕಣ್ಣು. ಬೀಗದ ಕೈಗೆ ಸಿಗುವ ಹೆಸರು ಅಂದರೆ ಈ 15ರಂಥದ್ದು. ಯಂತ್ರದ ನಿಜವಾದ ಕೆಲಸ ಇವೆರಡರ ನಡುವಿನ ವ್ಯತ್ಯಾಸ. ಅದು ಸಣ್ಣದು, ಆದರೆ ಸುಳ್ಳಲ್ಲ. ವರ್ಷ ಕಳೆದಂತೆ ಲಾಭ ಜಾಸ್ತಿಯಾಗುತ್ತದೆ, ಎರಡು ಮೂರು ವರ್ಷಕ್ಕೆ ಹತ್ತಿರ ಹತ್ತಿರ ಅರ್ಧ ಜನರಿಗೆ ಫಿಟ್ಸ್ ಅರ್ಧಕ್ಕೆ ಇಳಿಯುತ್ತದೆ ಅಂತ ನಂತರದ ವರದಿಗಳು ಹೇಳುತ್ತವೆ. ಆದರೆ ಅಂಥ ಹೆಚ್ಚಿನ ವರದಿಗಳಲ್ಲಿ ಹೋಲಿಸಿ ನೋಡಲು ಎರಡನೇ ಗುಂಪು ಇಲ್ಲ. ಈ ನಡುವೆ ಮಾತ್ರೆಯೂ ಬದಲಾಗಿರುತ್ತದೆ. ಹಾಗಾಗಿ ಆ ಅಂಕಿಗಳನ್ನು ನಾನು ಸ್ವಲ್ಪ ತಗ್ಗಿಸಿಯೇ ಓದುತ್ತೇನೆ.

ಮ್ಯಾಗ್ನೆಟ್ ಯಾಕೆ ಅಂದರೆ, ಫಿಟ್ಸ್ ಬರುವ ಸೂಚನೆ ಸಿಕ್ಕಾಗ ಅದನ್ನು ಎದೆಯ ಯಂತ್ರದ ಮೇಲೆ ಆಡಿಸಿದರೆ ಯಂತ್ರ ಆ ಕ್ಷಣವೇ ಒಂದು ಸುತ್ತು ಹೆಚ್ಚು ಕರೆಂಟ್ ಬಿಡುತ್ತದೆ. ಅದೊಂದು ಸ್ವಿಚ್, ಅಷ್ಟೇ. ಯಂತ್ರ ಇಲ್ಲದವರ ಎದೆ ಮೇಲೆ ಆಡಿಸಿ ಪ್ರಯೋಜನ ಇಲ್ಲ. ಹೊಸ ಮಾದರಿಗಳು ಎದೆಬಡಿತ ದಿಢೀರ್ ಏರಿದ್ದನ್ನು ಗುರುತಿಸಿ ತಾವೇ ಕರೆಂಟ್ ಬಿಡುತ್ತವೆ. ತೊಂದರೆ ಅಂದರೆ ಕರೆಂಟ್ ಹರಿಯುವಾಗ ದನಿ ಒಡೆಯುವುದು, ಕೆಮ್ಮು, ಗಂಟಲು ಹಿಡಿದಂತಾಗುವುದು. ಮಾತ್ರೆಯನ್ನಂತೂ ನಿಲ್ಲಿಸುವ ಹಾಗಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ನಾನು ಎದುರು ಕೇಳುವ ಪ್ರಶ್ನೆ ಬೇರೆ: ಮಾತ್ರೆ ನಿಜವಾಗಿಯೂ ಕೆಲಸ ಮಾಡ್ತಿಲ್ವಾ? ಸರಿಯಾಗಿ ಆರಿಸಿದ ಎರಡು ಮಾತ್ರೆಗಳನ್ನು ಸರಿಯಾದ ಪ್ರಮಾಣದಲ್ಲಿ ತಗೊಂಡೂ ಫಿಟ್ಸ್ ನಿಲ್ಲದಿದ್ದರೆ ಮಾತ್ರ ಮಾತ್ರೆಗೆ ಬಗ್ಗದ ಕಾಯಿಲೆ ಅನ್ನುತ್ತಾರೆ. ಮೂವರಲ್ಲಿ ಒಬ್ಬರಿಗೆ ಹೀಗಾಗುತ್ತದೆ. ಆದರೆ ಕಾಫಿ ಕುಯ್ಲಿನ ಸಮಯದಲ್ಲಿ ಲೈನ್ ಮನೆಯಿಂದ ಪೇಟೆಗೆ ಬರಲು ಪುರುಸೊತ್ತಿಲ್ಲದೆ ನಾಲ್ಕು ದಿನ ಮಾತ್ರೆ ತಪ್ಪಿಸಿದವರೂ "ಮಾತ್ರೆ ಹಿಡೀತಿಲ್ಲ" ಅನ್ನುತ್ತಾರೆ. ಮಾತ್ರೆಯೇ ತಪ್ಪಿರಬಹುದು ಕೂಡ. ಹದಿಹರೆಯದಲ್ಲಿ ಶುರುವಾಗಿ, ಬೆಳಗ್ಗೆ ಎದ್ದಾಗ ಕೈ ಜರ್ಕ್ ಹೊಡೆಯುವ ಒಂದು ಬಗೆಯ ಫಿಟ್ಸ್ ಇದೆ. ಅದಕ್ಕೆ ಕಾರ್ಬಮಝೆಪಿನ್ ಅನ್ನುವ ಫಿಟ್ಸ್ ಮಾತ್ರೆ ಕೊಟ್ಟರೆ ಇನ್ನೂ ಜಾಸ್ತಿಯಾಗಬಹುದು. ಕೆಲವರದು ಫಿಟ್ಸೇ ಅಲ್ಲ, ನೋಡಲು ಹಾಗೆ ಕಾಣುವ ಬೇರೆ ತೊಂದರೆ. ಇದನ್ನು ಬಿಡಿಸಿ ನೋಡಲು ವಿಡಿಯೋ ಇಇಜಿ ಬೇಕು, ಅಂದರೆ ರೋಗಿಯ ವಿಡಿಯೋ ತೆಗೆಯುತ್ತಲೇ ಮೆದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸುವ ಪರೀಕ್ಷೆ.

ಯಂತ್ರಕ್ಕಿಂತ ಮೊದಲು ಕೇಳಬೇಕಾದ್ದು ಮೆದುಳಿನ ಆಪರೇಷನ್ ಸಾಧ್ಯವಾ ಅಂತ. ಹೆಸರು ಕೇಳಿದರೇ ಜನ ಹೆದರುತ್ತಾರೆ. ದೆಹಲಿಯ ಏಮ್ಸ್‌ನಲ್ಲಿ ಮಾತ್ರೆಗೆ ಬಗ್ಗದ 116 ಮಕ್ಕಳ ಮೇಲೆ ನಡೆದ ಅಧ್ಯಯನ 2017ರಲ್ಲಿ ಬಂತು. ಒಂದು ವರ್ಷದ ಮೇಲೆ, ಆಪರೇಷನ್ ಆದವರಲ್ಲಿ ಶೇಕಡಾ 77 ಮಕ್ಕಳಿಗೆ ಫಿಟ್ಸ್ ಇರಲಿಲ್ಲ. ಬರೀ ಮಾತ್ರೆಯಲ್ಲಿದ್ದವರಲ್ಲಿ ಶೇಕಡಾ 7. ಫಿಟ್ಸ್ ಹುಟ್ಟುವ ಜಾಗ ಒಂದೇ ಕಡೆ ಇದ್ದು, ಅದನ್ನು ತೆಗೆದರೆ ತೊಂದರೆಯಿಲ್ಲ ಅನ್ನುವವರಿಗೆ ಇದು ಆಗುತ್ತದೆ. ಆಗದವರಿಗೆ ಯಂತ್ರ. ಬೆಂಗಳೂರಿನ ನಿಮ್ಹಾನ್ಸ್, ತಿರುವನಂತಪುರದ ಶ್ರೀ ಚಿತ್ರಾ ಆಸ್ಪತ್ರೆ ಇಂಥದ್ದನ್ನು ತೀರ್ಮಾನಿಸುವ ಜಾಗಗಳು.

ಕೊಡಗಿನಿಂದ ಇದು ಸುಲಭ ಅಲ್ಲ. ರೈಲಿಲ್ಲ. ಬೆಂಗಳೂರಿಗೆ ಐದಾರು ಗಂಟೆ ಬಸ್ಸು. ಯಂತ್ರ ಇಟ್ಟ ಮೇಲೆ ಕರೆಂಟನ್ನು ಸ್ವಲ್ಪ ಸ್ವಲ್ಪವೇ ಏರಿಸಲು ಶುರುವಿನ ತಿಂಗಳುಗಳಲ್ಲಿ ಮತ್ತೆ ಮತ್ತೆ ಹೋಗಬೇಕು. ಖರ್ಚು ಲಕ್ಷಗಟ್ಟಲೆ. ದಿನಗೂಲಿಯ ಮನೆಯವರಿಗೆ "ಯಂತ್ರ ಹಾಕಿಸಿ" ಅಂತ ಹೇಳಿ ಕಳಿಸುವುದು ನನ್ನ ಕೈಲಂತೂ ಆಗಲ್ಲ. ಅವರಿಗೆ ತಪ್ಪದೆ ಮಾತ್ರೆ ಸಿಗುವ ಹಾಗೆ ಮಾಡುವುದರಲ್ಲೇ ಜಾಸ್ತಿ ಲಾಭ ಇದೆ. ಹತ್ತಿರ ಇದ್ದವರು ಬೀಗದ ಕೈ ಹುಡುಕುವ ಬದಲು ಮಗ್ಗುಲಿಗೆ ಮಲಗಿಸಿ, ಗಡಿಯಾರ ನೋಡಿ, 5 ನಿಮಿಷ ದಾಟಿದರೆ ಆಸ್ಪತ್ರೆಗೆ ಒಯ್ಯುವುದರಲ್ಲೂ.

ಇತ್ತೀಚೆಗೆ ಇನ್ನೊಂದು ಬಂದಿದೆ. ವೇಗಸ್ ನರದ ಒಂದು ಕವಲು ಹೊರಕಿವಿಗೂ ಬರುತ್ತದೆ. ಕಿವಿಗೆ ಕ್ಲಿಪ್ ಸಿಕ್ಕಿಸಿ, ಆಪರೇಷನ್ ಇಲ್ಲದೆ ಅಲ್ಲಿಂದಲೇ ಕರೆಂಟ್ ಕೊಡುವುದು. ಯೋಚನೆ ಚೆನ್ನಾಗಿದೆ, ಕೆಲವು ಅಧ್ಯಯನಗಳಲ್ಲಿ ಪ್ರಯೋಜನವೂ ಕಂಡಿದೆ. ಆದರೆ 2016ರಲ್ಲಿ ಪ್ರಕಟವಾದ ಯುರೋಪಿನ ಒಂದು ಅಧ್ಯಯನದಲ್ಲಿ ಸೆಕೆಂಡಿಗೆ 25 ಸಲ ಕರೆಂಟ್ ಮಿಡಿಸಿದ ಗುಂಪು, ಸೆಕೆಂಡಿಗೆ ಒಂದೇ ಸಲ ಮಿಡಿಸಿದ ಗುಂಪಿಗಿಂತ ಮೇಲು ಅಂತ ಸಾಬೀತಾಗಲಿಲ್ಲ. ಅಂದರೆ ಇಲ್ಲಿನ್ನೂ ಬೀಗದ ಕೈಯ ಅನುಮಾನ ಹೋಗಿಲ್ಲ. ಆನ್‌ಲೈನ್‌ನಲ್ಲಿ ನೋಡಿ "ತರಿಸಿಕೊಡಿ" ಅಂತ ಕೇಳುವವರಿಗೆ ಸದ್ಯಕ್ಕೆ ನಾನು ತರಿಸಿಕೊಡುತ್ತಿಲ್ಲ.