ಕ್ರೋಶಾ ಲೆಕ್ಕ: ಹದಿನೇಳು ಆಯ್ತು, ಐದು ಬಿಚ್ಚಿದೆ

ಆಗಸ್ಟ್, ಕೊನೆ ವಾರ

ಆರು ಮುಗಿದಿವೆ. ಅಕ್ಟೋಬರಿನಲ್ಲಿ ಅಮೆರಿಕದ ಹ್ಯೂಸ್ಟನ್ನಿನ ಥರ್ಡ್ ವಾರ್ಡಿನ (ಕಪ್ಪು ಜನರ ಹಳೆಯ ಬಡಾವಣೆ) ಚರ್ಚೊಂದು ಸ್ತನ ಕ್ಯಾನ್ಸರ್ ನಿಧಿಗೆ ನಡಿಗೆ ಇಟ್ಟುಕೊಂಡಿದೆ. ಅಲ್ಲಿನ ಮೇಜಿಗೆ ನಾನು ಕ್ರೋಶಾದಲ್ಲಿ ಸ್ತನ ಹಾಕಿಕೊಡುತ್ತಿದ್ದೇನೆ. ಹೌದು, ಸ್ತನವೇ. ಆಪರೇಷನ್ನಿನಲ್ಲಿ ತೆಗೆಸಿಕೊಂಡವರು ಬ್ರಾ ಒಳಗೆ ಇಟ್ಟುಕೊಳ್ಳೋದು. ಸಿಲಿಕೋನಿನದು ಭಾರ, ಈ ಊರಿನ ಸೆಕೆಗೆ ಅದರಡಿ ಬೆವರು ನಿಲ್ಲುತ್ತೆ. ಗಾಯ ಮಾಯುವ ತನಕ ಹಾಕಿಕೊಳ್ಳೋಕೂ ಆಗಲ್ಲ. ಹತ್ತಿ ನೂಲಿನದು ಹಗುರ, ತೊಳೆಯಬಹುದು. ಉಣ್ಣೆ ಮಾತ್ರ ಬೇಡ, ಹೊಲಿಗೆ ಹಾಕಿದ ಜಾಗಕ್ಕೆ ಚುಚ್ಚುತ್ತೆ.

ಮೊದಲೆರಡನ್ನು ಬಿಚ್ಚಬೇಕಾಯಿತು. ಆರು ಮನೆಯಿಂದ (ಹೆಣಿಗೆಯ ಕುಣಿಕೆ) ಶುರು ಮಾಡಿ ಸುತ್ತಿಗೆ ಆರಾರು ಹೆಚ್ಚಿಸುತ್ತಲೇ ಹೋದೆ, ಸೆಟ್ ದೋಸೆ ಥರ ಚಪ್ಪಟೆ ಬಂತು. ಕೆಲವು ಸುತ್ತು ಆದಮೇಲೆ ನಡುನಡುವೆ ಹೆಚ್ಚಿಸದೆ ಒಂದೊಂದು ಸುತ್ತು ಬಿಟ್ಟರೆ ತಾನೇ ಬಟ್ಟಲಾಗುತ್ತೆ. ಹಿಂಬದಿಗೆ ಲಾಡಿ ಹಾಕಿದ್ದೇನೆ, ಬೇಕಾದವರು ಬಿಚ್ಚಿ ಒಳಗಿನ ತುಂಬು ಹೆಚ್ಚು ಕಡಿಮೆ ಮಾಡಿಕೊಳ್ಳಲಿ ಅಂತ.

ಸೆಪ್ಟೆಂಬರ್, ಮೊದಲ ಭಾನುವಾರ

ಆರನ್ನೂ ಒಯ್ದು ಟೀಚರಮ್ಮನಿಗೆ ತೋರಿಸಿದೆ. (ನಡಿಗೆಯ ಉಸ್ತುವಾರಿ ಅವರದೇ. ನಿವೃತ್ತ ಶಾಲಾ ಶಿಕ್ಷಕಿ, ಎಡಗಡೆಯದನ್ನು ತೆಗೆಸಿಕೊಂಡವರು. ಹೆಸರು ನಾನಿಟ್ಟದ್ದು.) ಹೊಲಿಗೆ ಮೆಚ್ಚಿದರು. ಆಮೇಲೆ ಒಂದನ್ನು ಎತ್ತಿ ತಮ್ಮ ಮುಂಗೈ ಪಕ್ಕ ಹಿಡಿದರು. ಏನೂ ಹೇಳಲಿಲ್ಲ. ನೂಲಿನ ಪಟ್ಟಿಯ ಮೇಲೆ ‘ನ್ಯೂಡ್’, ಅಂದರೆ ಮೈಬಣ್ಣ ಅಂತ ಇತ್ತು, ನಾನು ಕಣ್ಣುಮುಚ್ಚಿ ಕೊಂಡು ತಂದಿದ್ದೆ. ಅದು ಅವರ ಬಣ್ಣವಲ್ಲ. ನನ್ನದೂ ಅಲ್ಲ!

ಮುಂದಿನ ವಾರ

ಬಿಳಿ ನೂಲಿಗೆ ಕಾಫಿ ಡಿಕಾಕ್ಷನ್ನಿನಲ್ಲಿ ಬಣ್ಣ ಕಟ್ಟೋಣ ಅಂತ ಹೊರಟೆ. ನೋಡೋಕೆ ಚೆನ್ನಾಗೇ ಬಂತು. ಒಂದು ಒಗೆತಕ್ಕೆ ನೆಂಟರಿಗೆ ಕೊಡುವ ಮೂರನೇ ಡಿಕಾಕ್ಷನ್ ಕಾಫಿಯ ಬಣ್ಣಕ್ಕೆ ಇಳಿಯಿತು. ಅದರಲ್ಲಿ ಹಾಕಿದ್ದ ಮೂರೂ ಬಿಚ್ಚಿದೆ. ಕೊನೆಗೆ ನಾಲ್ಕು ಅಂಗಡಿ ಅಲೆದು ಮೂರು ಕಂದು ನೂಲು ತಂದೆ. ಕಂಪನಿ ಇಟ್ಟ ಹೆಸರು ಬಾಯಿಗೆ ಬರಲ್ಲ, ನನ್ನ ಡಬ್ಬಿಗಳ ಮೇಲೆ ಬೆಲ್ಲ, ರಾಗಿ, ಹುಣಸೆ ಅಂತ ಬರೆದಿದ್ದೇನೆ.

ಗಣೇಶನ ಹಬ್ಬದ ವಾರ

ಮೇಜಿನ ಮೇಲಿಡುವ ಚೀಟಿಗಳೂ ನನ್ನ ತಲೆಗೇ ಬಂದವು. ಹಳೆ ಚೀಟಿಯಲ್ಲಿ ‘ಚರ್ಮ ಕೆಂಪಾದರೆ ವೈದ್ಯರಿಗೆ ತೋರಿಸಿ’ ಅಂತಿತ್ತು, ಜೊತೆಗೆ ಗುಲಾಬಿ ಮೈಯ ಚಿತ್ರ. ಕಪ್ಪು, ಕಂದು ಚರ್ಮದಲ್ಲಿ ಆ ಕೆಂಪು ಎದ್ದು ಕಾಣೋದಿಲ್ಲ. ನೇರಳೆ ಛಾಯೆ ಬರಬಹುದು, ಸುತ್ತಲಿಗಿಂತ ಗಾಢವಾಗಬಹುದು ಅಷ್ಟೇ. ಬಿಸಿ, ಊತ, ಕಿತ್ತಳೆ ಸಿಪ್ಪೆಯಂಥ ಗುಳಿ, ಒಳಗೆ ಎಳೆದುಕೊಂಡ ತೊಟ್ಟು, ಇವನ್ನು ಮೇಲೆ ಹಾಕಿ ತಿದ್ದಿ ಬರೆದೆವು. 2024ರಿಂದ ಇಲ್ಲಿನ ತಜ್ಞರ ಕಾರ್ಯಪಡೆ 40ನೇ ವಯಸ್ಸಿನಿಂದಲೇ ಎರಡು ವರ್ಷಕ್ಕೊಮ್ಮೆ ಮ್ಯಾಮೋಗ್ರಾಂ (ಸ್ತನದ ಎಕ್ಸ್‌ರೇ) ಮಾಡಿಸಿ ಅನ್ನುತ್ತಿದೆ, ಅದನ್ನೂ ಸೇರಿಸಿದೆ.

ಟೀಚರಮ್ಮ ಒಂದು ಸಾಲು ದಪ್ಪಕ್ಷರದಲ್ಲಿ ಬೇಕೆಂದರು: ಅಮೆರಿಕದಲ್ಲಿ ಈ ಕಾಯಿಲೆ ಕಪ್ಪು ಹೆಂಗಸರಿಗೆ ಬಿಳಿಯರಿಗಿಂತ ತುಸು ಕಡಿಮೆಯೇ ಬರುತ್ತದೆ, ಸಾಯುವವರ ಪ್ರಮಾಣ ಮಾತ್ರ ಸುಮಾರು 40 ಶೇಕಡಾ ಹೆಚ್ಚು. ಹಾರ್ಮೋನ್ ಮದ್ದಿಗೆ ಬಗ್ಗದ ಟ್ರಿಪಲ್ ನೆಗೆಟಿವ್ ಬಗೆ ಅವರಲ್ಲಿ ಹೆಚ್ಚುಕಮ್ಮಿ ಎರಡರಷ್ಟು. ಆದರೆ ಎಲ್ಲವನ್ನೂ ಗಡ್ಡೆಯ ಜಾತಿಯ ಮೇಲೆ ಹೊರಿಸಬೇಡ ಅಂದರು ಟೀಚರಮ್ಮ. ವಿಮೆ ಇಲ್ಲದ್ದು, ತಡವಾಗಿ ಸಿಗುವ ಅಪಾಯಿಂಟ್‌ಮೆಂಟು, ನೋವೆಂದರೂ ಕಿವಿಗೆ ಹಾಕಿಕೊಳ್ಳದವರು. ಕಪ್ಪು ಮಹಿಳೆಯರಿಗೆಂದೇ ಸಿಸ್ಟರ್ಸ್ ನೆಟ್‌ವರ್ಕ್ ಸಂಸ್ಥೆ 1994ರಲ್ಲಿ ಇದೇ ಊರಲ್ಲಿ ಹುಟ್ಟಿದ್ದು ಸುಮ್ಮನೆ ಅಲ್ಲ.

ಅದೇ ಚೀಟಿಯನ್ನು ಕನ್ನಡದಲ್ಲಿ ಬರೆದು ನಮ್ಮವರ ಗಣೇಶನ ಹಬ್ಬಕ್ಕೂ ಒಯ್ದೆ. ‘ಹಬ್ಬದ ದಿನ ಇದೆಲ್ಲ ಯಾಕಮ್ಮಾ’ ಅಂತ ಒಬ್ಬರು ಪ್ರಸಾದದ ಮೇಜಿನಿಂದ ಎತ್ತಿಸಿದರು. ಕೋಪ ಬಂತು, ಕೋಸಂಬರಿ ತಿಂದು ಸುಮ್ಮನಾದೆ. ಚೀಟಿಗಳನ್ನು ಹೆಂಗಸರ ಬಚ್ಚಲುಮನೆಯ ಕನ್ನಡಿ ಕೆಳಗೆ ಇಟ್ಟೆ. ಸಂಜೆಗೆ ಒಂದೂ ಉಳಿದಿರಲಿಲ್ಲ. ಕೈ ಒರೆಸಿಕೊಳ್ಳುತ್ತಿದ್ದ ಅತ್ತೆಯೊಬ್ಬರು, ‘ಎದೇಲಿ ಗಂಟು ಅಂದ್ರೆ ಎಷ್ಟು ದಪ್ಪ ಇರತ್ತೆ ಕಣೇ?’ ಅಂತ ಪಿಸುಗುಟ್ಟಿದರು. ಕಾರಿನ ತನಕ ಜೊತೆಗೆ ನಡೆದೆ. ಉಳಿದ ಮಾತು ಇಲ್ಲಿ ಬರೆಯುವಂಥದ್ದಲ್ಲ.

ಅಕ್ಟೋಬರ್, ನಡಿಗೆಯ ರಾತ್ರಿ

ಕಾಲು ಬಾತಿದೆ. ಮಳೆ ಬರಲಿಲ್ಲ, ಅದೇ ಪುಣ್ಯ. ಬಂದವರು ಮೊದಲು ಮುಟ್ಟಿ ನೋಡುತ್ತಿದ್ದರು, ಆಮೇಲೆ ನಗುತ್ತಿದ್ದರು, ಆಮೇಲೆ ಒಬ್ಬೊಬ್ಬರೇ ಮತ್ತೆ ಬಂದು ಅಳತೆ ಹೇಳುತ್ತಿದ್ದರು. ಹದಿನೇಳು ಇಟ್ಟಿದ್ದೆ, ಹನ್ನೊಂದು ಹೋದವು. ಉಳಿದ ಆರೂ ಆಗಸ್ಟಿನವು. ಅವನ್ನು ಬೇರೆ ಕಡೆ ಕಳಿಸೋಣ ಅಂದಿದ್ದಾರೆ ಟೀಚರಮ್ಮ.

ಹುಣಸೆ ಮೊದಲು ಖಾಲಿಯಾಯಿತು. ಇಬ್ಬರು ದೊಡ್ಡ ಅಳತೆಯದನ್ನು ಕೇಳಿ ವಿಳಾಸ ಕೊಟ್ಟು ಹೋಗಿದ್ದಾರೆ. ಒಂದು ಶುರು ಮಾಡಿದ್ದೇನೆ, ಹದಿನಾಲ್ಕನೇ ಸುತ್ತಿನಲ್ಲಿದೆ. ನೂಲು ಸಾಲುವಂತೆ ಕಾಣಲ್ಲ, ಸೋಮವಾರ ಮತ್ತೆ ಅಂಗಡಿಗೆ ಹೋಗಬೇಕು.