ಬಾವಲಿ ರೆಕ್ಕೆ ಕೊನೆಗೂ ಮಡಚಿತು

ನಾನು ಮಾಡುತ್ತಿರುವ ಪ್ರಾಣಿ ಮಾದರಿಗಳಲ್ಲಿ ಮಲಬಾರ್ ಹಾರುವ ಕಪ್ಪೆ ಮುಗಿದು ಶೋಕೇಸ್ ಸೇರಿದೆ. ಕಾಲ್ಬೆರಳ ಕಿತ್ತಳೆ ಪೊರೆಗೆ ತೆಳುವಾಗಿ ರಬ್ಬರ್ ಹಾಲು, ಮುಂಗೈ ಅಂಚಿಗೆ ಚರ್ಮದ ಪಟ್ಟಿ, ಅಷ್ಟೇ. ತಲೆ ತಿಂದದ್ದು ಅದರ ಜೋಡಿ, ಗಿಡ್ಡಮೂತಿ ಹಣ್ಣುಬಾವಲಿ.

ದೊಡ್ಡ ಹೆಣ್ಣುಕಪ್ಪೆ, ಈ ಬಾವಲಿ, ಎರಡರ ಮೈಯೂ ಸುಮಾರು 10 ಸೆಂ.ಮೀ. ನಿಜ ಅಳತೆಯಲ್ಲೇ ಪಕ್ಕಪಕ್ಕ ಇಡಬಹುದು. ಇಬ್ಬರ ಬಂಡವಾಳವೂ ಬೆರಳ ನಡುವಿನ ಚರ್ಮವೇ. ಆದರೆ ಕಪ್ಪೆ ಮರದಿಂದ ಒಂದು 10 ಮೀಟರ್ ತೇಲಿ ಇಳಿದರೆ ಸಾಕು. ಬಾವಲಿ ಹಾಗಲ್ಲ. ತುದಿಯಿಂದ ತುದಿಗೆ ಅರ್ಧ ಮೀಟರ್ ಹತ್ತಿರದ ರೆಕ್ಕೆಗಳನ್ನು ಬಡಿಯಬೇಕು, ಆಮೇಲೆ ಮಡಚಿ ಮೈಗೆ ಸುತ್ತಿಕೊಳ್ಳಬೇಕು.

ಆ ಮಡಚೋದೇ ಗೋಳು. ಪೊರೆ ಜೋತುಬೀಳುತ್ತಿತ್ತು. ಬಿಗಿ ಮಾಡಿದರೆ ಬಿಚ್ಚುವಾಗ ಬೆರಳಿನ ತಂತಿ ಸೊಟ್ಟಗಾಗುತ್ತಿತ್ತು. ಇದರ ಮಧ್ಯೆ ತರಿಸಿದ ರಬ್ಬರ್ ಹಾಲು ಡಬ್ಬಿಯಲ್ಲೇ ಮೊಸರಾಗಿ ಬಂತು. ಕೆಡದಂತೆ ಬೆರೆಸುವ ಅಮೋನಿಯಾದ ವಾಸನೆಯೇ ಇಲ್ಲ, ಹೆಪ್ಪುಗಟ್ಟದೆ ಇನ್ನೇನು! ವಾಪಸ್ ತಗೊಳ್ಳಿ ಅಂದರೆ ಅಂಗಡಿಯವರು "ಸೀಲ್ ಒಡೆದಿದ್ದೀರಲ್ಲ ಸರ್" ಅಂದರು. ಒಡೆಯದೆ ನೋಡೋದು ಹೇಗೆ ಸ್ವಾಮಿ?

ದಾರಿ ಸಿಕ್ಕಿದ್ದು ಒಂದು ಫೋಟೋದಲ್ಲಿ. ಬೆಳಕಿಗೆ ಅಡ್ಡ ಬಂದ ರೆಕ್ಕೆಯಲ್ಲಿ ಬೆರಳಿಂದ ಬೆರಳಿಗೆ ನಸುಗೆರೆಗಳಿದ್ದವು. ರಬ್ಬರಿನಂತೆ ಹಿಗ್ಗಿ ಕುಗ್ಗುವ ಎಲಾಸ್ಟಿನ್ ಎಂಬ ಪ್ರೋಟೀನಿನ ನಾರು ಅದು! ರೆಕ್ಕೆ ಮಡಚಿದಾಗ ನಾರು ಕುಗ್ಗಿ ಪೊರೆಯನ್ನು ನೆರಿಗೆ ನೆರಿಗೆಯಾಗಿ ಎಳೆದುಕೊಳ್ಳುತ್ತದೆ, ಜೋಲಲು ಬಿಡುವುದಿಲ್ಲ.

ಸರಿ, ಮಣಿಸರ ಪೋಣಿಸುವ ತೆಳು ಎಲಾಸ್ಟಿಕ್ ದಾರ ತಂದೆ. ಥರ್ಮೋಕೋಲ್ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿ, ರೆಕ್ಕೆಯನ್ನು ಪೂರ್ತಿ ಬಿಚ್ಚಿ ಗುಂಡುಪಿನ್ನು ಚುಚ್ಚಿದೆ. ದಾರವನ್ನು ಎಳೆದು ಹಿಡಿದೇ ಬೆರಳಿಂದ ಬೆರಳಿಗೆ ಕಟ್ಟಿ, ಮೇಲೆ ಹೊಸ ರಬ್ಬರ್ ಹಾಲು ಸವರಿದೆ. ಒಣಗಿದ ಮೇಲೆ ಟಾಲ್ಕಂ ಪೌಡರ್ ಹಾಕಲೇಬೇಕು, ಇಲ್ಲದಿದ್ದರೆ ಮಡಚಿದ ರೆಕ್ಕೆ ಅಂಟಿಕೊಂಡು ಬಿಚ್ಚುವುದೇ ಇಲ್ಲ. ಬೆರಳ ತುದಿಗೆ ಜಿಐ (ಸತು ಲೇಪಿಸಿದ ಕಬ್ಬಿಣದ) ತಂತಿ ಬಿಟ್ಟು ಹಳೇ ಗಿಟಾರ್ ತಂತಿ ಹಾಕಿದೆ, ಬಾಗಿದರೂ ಮತ್ತೆ ನೆಟ್ಟಗಾಗುತ್ತದೆ. ನಿಜವಾದ ಬಾವಲಿಯಲ್ಲೂ ತುದಿಬೆರಳ ಮೂಳೆಯಲ್ಲಿ ಖನಿಜಾಂಶ ಕಮ್ಮಿ, ಅದಕ್ಕೇ ಬಳುಕುತ್ತದೆ.

ಈಗ ಮಣಿಕಟ್ಟು ಮಡಚಿದರೆ ಪೊರೆ ತಾನೇ ನೆರಿಗೆಯಾಗಿ ಒಳಗೆ ಸರಿಯುತ್ತದೆ. ಸುಮ್ನೆ ಬಿಚ್ಚಿ ಮಡಚಿ ಆಟ ಆಡ್ತಾ ಕೂತಿದ್ದೇನೆ. ಹ್ಞಾಂ, ಹೆಬ್ಬೆರಳ ಜೊತೆ ಎರಡನೇ ಬೆರಳಿಗೂ ಉಗುರು ಅಂಟಿಸಿ. ಕೀಟ ತಿನ್ನುವ ಬಾವಲಿಗಳಿಗೆ ಅಲ್ಲಿ ಉಗುರಿರುವುದಿಲ್ಲ.

ಮುಂದಿನದು ಹಾರುವ ಓತಿ. ಅದಕ್ಕೆ ಬೆರಳಿನ ಗೊಡವೆಯೇ ಇಲ್ಲ, ಉದ್ದ ಪಕ್ಕೆಲುಬುಗಳೇ ಪೊರೆ ಬಿಚ್ಚುತ್ತವೆ. ಹಿಂದಕ್ಕೆ ಮಡಚಲು ಎಂಥ ಕೀಲು ಇಡೋದು ಅಂತ ಈಗಲೇ ಗೀಚ್ತಾ ಇದ್ದೇನೆ. ಮೊದಲು ಬಾವಲಿಯ ಎಡ ರೆಕ್ಕೆ ಆಗಬೇಕು, ಅಲ್ವಾ? ಅದಕ್ಕೆ ರಬ್ಬರ್ ಹಾಲು ಅಂಗಡಿಯದ್ದು ಬೇಡ, ಸುಳ್ಯ ಕಡೆಯ ರಬ್ಬರ್ ತೋಟದವರನ್ನೇ ಕೇಳುತ್ತೇನೆ.